ಕ್ಯಾರೆನ್ ಕಾರ್ಪೆಂಟರ್: ಕಾಯಿಲೆಗೆ ಮೊದಲಿನ ಕಂಠ

ಅಮೆರಿಕದ ಪಾಪ್ ಗಾಯಕಿ ಕ್ಯಾರೆನ್ ಕಾರ್ಪೆಂಟರ್ ಹೆಸರೆತ್ತಿದರೆ ಮಾತು ಹಾಡಿನಿಂದ ಊಟಕ್ಕೆ ಜಾರುತ್ತದೆ. ಆಕೆ ಏನು ತಿನ್ನುತ್ತಿದ್ದಳು, ಎಷ್ಟು ತೂಗುತ್ತಿದ್ದಳು, 1983ರ ಫೆಬ್ರವರಿ 4ರಂದು ಬರೀ 32ನೇ ವಯಸ್ಸಿನಲ್ಲಿ ಹೃದಯ ಯಾಕೆ ನಿಂತಿತು. ಜೀವನಚರಿತ್ರೆಗಳು, ಸಾಕ್ಷ್ಯಚಿತ್ರಗಳು, ಟಾಡ್ ಹೇನ್ಸ್ 1987ರಲ್ಲಿ ಬಾರ್ಬಿ ಗೊಂಬೆಗಳನ್ನಿಟ್ಟುಕೊಂಡು ತೆಗೆದ ಚಿತ್ರ, ಎಲ್ಲವೂ ಊಟ ಬಿಡಿಸುವ ಕಾಯಿಲೆ ಅನೊರೆಕ್ಸಿಯಾದ ಸುತ್ತಲೇ ಗಿರಕಿ ಹೊಡೆದವು. ಅತ್ತ ರಾಕ್ ಸಂಗೀತದ ವಿಮರ್ಶಕರಿಗೆ ಅಣ್ಣನ ಜೊತೆಗಿನ ಆಕೆಯ ಜೋಡಿ ಕಾರ್ಪೆಂಟರ್ಸ್ ಅಂದರೆ ಸಕ್ಕರೆ ಪಾಕ. 1973ರಲ್ಲಿ ನಿಕ್ಸನ್ ಶ್ವೇತಭವನಕ್ಕೆ ಕರೆಸಿ ಹಾಡಿಸಿದ ಸಭ್ಯ ಅಣ್ಣ-ತಂಗಿ. ಒಬ್ಬರು ಆಕೆಯನ್ನು ರೋಗಿಯಾಗಿ ನೋಡಿದರು, ಇನ್ನೊಬ್ಬರು ಮಿಠಾಯಿಯಾಗಿ. ಕಿವಿಗೊಟ್ಟು ಕೇಳಿದವರು ಕಡಿಮೆ. ಇದು ನನ್ನ ತಕರಾರು.

ಕಾರ್ಪೆಂಟರ್ಸ್ ಪಟ್ಟಿಯಲ್ಲಿ ಜಾಳು ಹಾಡುಗಳಿವೆ, ಒಪ್ಪುತ್ತೇನೆ. ಮಕ್ಕಳ ವೃಂದಗಾನ ಸೇರಿಸಿದ 1973ರ 'ಸಿಂಗ್' ನನಗೆ ಇವತ್ತಿಗೂ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ 1971ರ 'ಸೂಪರ್‌ಸ್ಟಾರ್' ಒಂದನ್ನೇ ಇಟ್ಟುಕೊಂಡು ವಾದಿಸಲು ನಾನು ಸಿದ್ಧ.

ಹಾಡು ಅವರದ್ದಲ್ಲ. ಲಿಯಾನ್ ರಸೆಲ್ ಮತ್ತು ಬಾನಿ ಬ್ರಾಮ್ಲೆಟ್ ಬರೆದದ್ದು; ಜೋ ಕಾಕರ್ ತಂಡದ ಜೊತೆ ರೀಟಾ ಕೂಲಿಜ್ ಆಗಲೇ ಹಾಡಿದ್ದಳು. ಗಿಟಾರ್ ನುಡಿಸುವವನೊಬ್ಬ ಊರಿಗೆ ಬಂದು ಹೋಗಿದ್ದಾನೆ, ಮತ್ತೆ ಬರುತ್ತೇನೆಂದಿದ್ದಾನೆ, ಈಗ ರೇಡಿಯೊದಲ್ಲಿ ಮಾತ್ರ ಸಿಗುತ್ತಾನೆ. ಕಾಯುವ ಹುಡುಗಿಯ ಮಾತು ಅದು. ಬೆಟ್ ಮಿಡ್ಲರ್ ಟಿವಿಯಲ್ಲಿ ಹಾಡಿದ್ದನ್ನು ಕೇಳಿದ ಅಣ್ಣ ರಿಚರ್ಡ್, ತಂಗಿಗೆ ಇದು ಹೊಂದುತ್ತದೆ ಅಂದುಕೊಂಡ. ಕ್ಯಾರೆನ್‌ಗೆ ಮೊದಲು ಹಾಡು ಹಿಡಿಸಲಿಲ್ಲ. ಕಾಗದದ ಕರವಸ್ತ್ರದ ಮೇಲೆ ಗೀಚಿಕೊಟ್ಟ ಸಾಹಿತ್ಯ ನೋಡಿಕೊಂಡು, ವಾದ್ಯದವರಿಗೆ ದಾರಿ ತೋರಿಸಲೆಂದು ಒಮ್ಮೆ ಹಾಡಿದಳು. ಆ ಮೊದಲ ಹಾಡಿಕೆಯೇ ಗಾನತಟ್ಟೆಯ ಮೇಲೆ ಉಳಿಯಿತು.

ಹೆಡ್‌ಫೋನ್ ಹಾಕಿಕೊಂಡು ಮೊದಲ ಚರಣವನ್ನಷ್ಟೇ ಹತ್ತು ಸಲ ಕೇಳಿ. ಓಬೋ ಒಂದು ಕೊಂಬೆ ಚಾಚಿದಂತೆ ಬಂದು ಸರಿಯುತ್ತದೆ. ದನಿ ಶುರುವಾಗುವುದೇ ಕೆಳಗೆ, ಮಂದ್ರದಲ್ಲಿ. ಪಾಪ್ ಗಾಯಕಿಯರು ಸಾಮಾನ್ಯವಾಗಿ ಮೇಲೆ ಏರುವ ಮುನ್ನ ಹಾಯ್ದುಹೋಗುವ ಜಾಗ ಅದು. ಕ್ಯಾರೆನ್ ಅಲ್ಲಿ ಮನೆ ಮಾಡುತ್ತಾಳೆ. ಮೈಕು ಎಷ್ಟು ಹತ್ತಿರವಿದೆಯೆಂದರೆ ಸಾಲಿಗೆ ಮೊದಲು ಎಳೆದುಕೊಂಡ ಉಸಿರು ಕೇಳುತ್ತದೆ. ಹಿಡಿದ ಸ್ವರವನ್ನು ಮೊದಲು ನೇರವಾಗಿ, ಅಲುಗಾಡದಂತೆ ನಿಲ್ಲಿಸುತ್ತಾಳೆ. ಕಂಪನ ಬರುವುದು ಕೊನೆಯಲ್ಲಿ, ಇನ್ನೇನು ಸ್ವರ ಬಿಡಬೇಕು ಅನ್ನುವಾಗ. ಅಳು ಬಂತೆಂದು ದನಿ ನಡುಗಿಸುವುದು ಸುಲಭ. ನಡುಕವನ್ನು ತಡೆದಿಟ್ಟು ಕೊನೆಗೆ ಇಷ್ಟೇ ಇಷ್ಟು ಬಿಡುವುದಕ್ಕೆ ಶಿಸ್ತು ಬೇಕು.

ಇನ್ನೊಂದು ಸಂಗತಿ ತಾಳದ್ದು. ಆಕೆಯ ಪದಗಳು ತಾಳದ ಪೆಟ್ಟಿಗೆ ಕೂದಲೆಳೆಯಷ್ಟು ಹಿಂದೆ ಬೀಳುತ್ತವೆ, ಆದರೆ ಒಮ್ಮೆಯೂ ತಪ್ಪುವುದಿಲ್ಲ. ಇದು ಭಾವುಕತೆಯಿಂದ ಬರುವ ವಿಳಂಬವಲ್ಲ, ಕೈಯಲ್ಲಿ ತಾಳ ಇರುವವರು ಮಾತ್ರ ತೆಗೆದುಕೊಳ್ಳಬಲ್ಲ ಸಲಿಗೆ. ಡೌನಿ ಊರಿನ ಹೈಸ್ಕೂಲ್ ಬ್ಯಾಂಡಿನಲ್ಲಿ ಡ್ರಮ್ ಕಡ್ಡಿ ಹಿಡಿದಾಗಿನಿಂದ ಕ್ಯಾರೆನ್ ತನ್ನನ್ನು ಹಾಡುವ ಡ್ರಮ್ಮರ್ ಎಂದೇ ತಿಳಿದಿದ್ದಳು. ಅನೇಕ ಹಿಟ್ ಹಾಡುಗಳಲ್ಲಿ ಡ್ರಮ್ಸ್ ಸ್ಟುಡಿಯೊ ವಾದಕ ಹಾಲ್ ಬ್ಲೇನ್‌ಗೆ ಹೋಯಿತು. ವೇದಿಕೆಯಲ್ಲಿ ಆಕೆಯನ್ನು ವಾದ್ಯದ ಹಿಂದಿನಿಂದ ಎಬ್ಬಿಸಿ ಮುಂದೆ ನಿಲ್ಲಿಸಿದರು, ಜನ ಮುಖ ನೋಡಬೇಕಲ್ಲ ಎಂದು. ದನಿಯೊಳಗಿನ ತಾಳವನ್ನು ಮಾತ್ರ ಯಾರೂ ಕಸಿಯಲಾಗಲಿಲ್ಲ.

ಈಗ ಎಲ್ಲರೂ ಗೇಲಿ ಮಾಡುವ ಆ ಪದಕ್ಕೆ ಬರೋಣ. ಮೂಲದಲ್ಲಿ ಅವನೊಂದಿಗೆ ಮತ್ತೆ ಮಲಗುವ ಆಸೆ ನೇರವಾಗಿಯೇ ಇತ್ತು. ರೇಡಿಯೊದವರು ಹಾಕುವುದಿಲ್ಲವೆಂದು ರಿಚರ್ಡ್ ಕ್ರಿಯಾಪದ ಬದಲಿಸಿ, ಬರೀ ಜೊತೆಗಿರುವ ಆಸೆ ಮಾಡಿದ. ಹಾಡಿನ ಉಗುರು ಕತ್ತರಿಸಿದ ಎಂದು ವಿಮರ್ಶಕರು ಹೇಳುತ್ತಾರೆ. ಬರೆದ ಕಾಗದ ಓದಿದರೆ ಹೌದು. ಆದರೆ ಆ ಪದ ಬರುವ ಜಾಗದಲ್ಲಿ ದನಿಯ ಭಾರ ಗಮನಿಸಿ. ಹಿತ್ತಾಳೆ ವಾದ್ಯಗಳು ಎದ್ದಿವೆ, ಡ್ರಮ್ಸ್ ಬಂದಿದೆ, ಆಕೆ ಕೂಗುವುದಿಲ್ಲ. ಎದೆಯಿಂದಲೇ ದನಿ ತೆಗೆಯುತ್ತಾಳೆ. ಆ ಹೆಣ್ಣಿಗೆ ಏನು ಬೇಕೆಂಬುದರಲ್ಲಿ ಸಂಶಯವೇ ಉಳಿಯುವುದಿಲ್ಲ. ಅಣ್ಣ ಅಕ್ಷರದಲ್ಲಿ ಅಳಿಸಿದ್ದನ್ನು ತಂಗಿ ಕಂಠದಲ್ಲಿ ಉಳಿಸಿಕೊಂಡಳು. ದನಿಯೊಳಗಿನ ಈ ದೇಹವನ್ನು ಕೇಳಿಸಿಕೊಳ್ಳದೆ 'ಸಭ್ಯ ಸಂಗೀತ' ಎಂದು ಚೀಟಿ ಅಂಟಿಸಿದವರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ.

ಅದಕ್ಕಿಂತ ಹೆಚ್ಚಿನ ಸಿಟ್ಟು, ಈ ದನಿಯ ವಿಷಾದವನ್ನು ಕಾಯಿಲೆಯ ಲಕ್ಷಣದಂತೆ ಓದುವವರ ಮೇಲೆ. ಈ ಹಾಡು ಹೊರಬಂದಾಗ ಆಕೆಗೆ 21. ದೇಹ ಸೋತು ವಿದೇಶ ಪ್ರವಾಸ ರದ್ದು ಮಾಡಬೇಕಾಗಿ ಬಂದದ್ದು 1975ರಲ್ಲಿ. ಮುಂದೆ ಬರುವ ಸಾವನ್ನು ಹಿಂದಿನ ಸ್ವರಕ್ಕೆ ಅಂಟಿಸಿದರೆ ಕಲೆಗಾರ್ತಿಯ ಕೈಚಳಕ ಅಪಘಾತವಾಗಿಬಿಡುತ್ತದೆ. ಗಂಟಲಿನ ಚಿಕಿತ್ಸೆಯ ನಂತರ ಗಂಗೂಬಾಯಿ ಹಾನಗಲ್ಲರ ದನಿ ಗಡಸಾಯಿತೆಂದು ನಮಗೆಲ್ಲ ಗೊತ್ತು. ಹಾಗೆಂದು ಅವರ ಖಯಾಲನ್ನು ನಾವು ವೈದ್ಯಕೀಯ ವರದಿಯಾಗಿ ಕೇಳಿದ್ದೇವೆಯೇ? ದೊರೆತ ಕಂಠವನ್ನು ದಶಕಗಳ ಸಾಧನೆಯಿಂದ ರಾಗಕ್ಕೆ ಒಗ್ಗಿಸಿದವರೆಂದು ಗೌರವಿಸಿದೆವು. ಕ್ಯಾರೆನ್‌ಗೂ ಸಲ್ಲಬೇಕಾದದ್ದು ಅಷ್ಟೇ.

ನ್ಯೂಯಾರ್ಕಿನಲ್ಲಿ ನಿರ್ಮಾಪಕ ಫಿಲ್ ರಮೋನ್ ಜೊತೆ ಧ್ವನಿಮುದ್ರಿಸಿದ ಆಕೆಯ ಏಕೈಕ ಸ್ವತಂತ್ರ ಆಲ್ಬಮ್ಮನ್ನು 1980ರಲ್ಲಿ ಕಪಾಟಿಗೆ ಸೇರಿಸಿದರು, ಹೊರಬಂದದ್ದು 1996ರಲ್ಲಿ. ಅದನ್ನು ಹತ್ತಿಕ್ಕಲಾದ ಮೇರುಕೃತಿ ಎನ್ನುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ. ಅಲ್ಲಿ ಆಕೆ ಹಗುರವಾಗಿ, ಮೇಲಿನ ಸ್ಥಾಯಿಯಲ್ಲಿ ಹೆಚ್ಚು ಓಡಾಡುತ್ತಾಳೆ, ಮನೆ ಬಿಟ್ಟು ಬಂದವಳಂತೆ. ಬಿಡುಗಡೆ ಮಾಡದೇ ಇದ್ದದ್ದು ಅನ್ಯಾಯ, ಅದು ಬೇರೆ ಮಾತು.

1976ರ ಡಿಸೆಂಬರಿನಲ್ಲಿ ಅಣ್ಣ-ತಂಗಿಯ ಮೊದಲ ಟಿವಿ ವಿಶೇಷ ಕಾರ್ಯಕ್ರಮ ಬಂತು. ಅದರ ಒಂದು ಭಾಗದಲ್ಲಿ ಕ್ಯಾರೆನ್ ಹಾಡುವುದಿಲ್ಲ. ತುಂಬ ಡ್ರಮ್ಮುಗಳ ನಡುವೆ ಒಂದರಿಂದ ಒಂದಕ್ಕೆ ಓಡಾಡುತ್ತ ಬಾರಿಸುತ್ತಾಳೆ. ತೋಳು ಕಡ್ಡಿಯಾಗಿವೆ, ನೋಡುವವರ ಕಣ್ಣು ಈಗ ಅಲ್ಲಿಗೇ ಹೋಗುತ್ತದೆ. ನಾನು ಮಣಿಕಟ್ಟು ನೋಡಿದೆ. ಎಡಗೈ ಪೆಟ್ಟು ಬೀಳಬೇಕಾದಲ್ಲೇ ಬೀಳುತ್ತಿತ್ತು, ಆಕೆ ನಗುತ್ತಿದ್ದಳು.