ಗಾಯ ಯಾರದು, ಮಾತು ಯಾರದು?

ಅಮೆರಿಕದ ನಟ ಗ್ಯಾರಿ ಸಿನೀಸ್ ಮಾಜಿ ಸೈನಿಕರ ಬಂಧು ಎಂದೇ ಹೆಸರಾದವನು. 2011ರಲ್ಲಿ ಪ್ರತಿಷ್ಠಾನವೊಂದನ್ನು ಕಟ್ಟಿ, ಯುದ್ಧದಲ್ಲಿ ಕೈಕಾಲು ಕಳೆದುಕೊಂಡವರಿಗೆ ಮನೆ ಕಟ್ಟಿಸಿಕೊಡುವ ಕೆಲಸಕ್ಕೆ ಇಳಿದ. ಇದನ್ನು ನಾವು ಹೀಯಾಳಿಸುವುದಿಲ್ಲ. ಗಾಲಿಕುರ್ಚಿ ಸಲೀಸಾಗಿ ಹೋಗುವಂಥ ಬಾಗಿಲು, ಅದರಲ್ಲಿ ಕೂತವನಿಗೆ ಸಣ್ಣ ಮಾತೇನಲ್ಲ. ಆದರೆ ಕಲಾವಿದನನ್ನು ಅವನ ದಾನದಿಂದ ಅಳೆಯಲಾಗದು, ಕಲೆಯಿಂದಲೇ ಅಳೆಯಬೇಕು.

1974ರಲ್ಲಿ ಟೆರಿ ಕಿನ್ನಿ, ಜೆಫ್ ಪೆರಿ ಜತೆ ಸೇರಿ ಈತ ಚಿಕಾಗೋ ಹೊರವಲಯದಲ್ಲಿ ಸ್ಟೆಪನ್‌ವುಲ್ಫ್ ನಾಟಕ ತಂಡ ಕಟ್ಟಿದ. ಆರಂಭದ ವರ್ಷಗಳಲ್ಲಿ ಚರ್ಚೊಂದರ ನೆಲಮಾಳಿಗೆಯೇ ಅವರ ರಂಗಮಂದಿರ. 1984ರಲ್ಲಿ ಈತ ನಿರ್ದೇಶಿಸಿದ 'ಟ್ರೇಸರ್ಸ್' ನಾಟಕವನ್ನು ಕಟ್ಟಿದವರು ವಿಯೆಟ್ನಾಂನಿಂದ ಮರಳಿದ ಸೈನಿಕರೇ. ಗಾಯವೂ ಅವರದೇ, ಮಾತೂ ಅವರದೇ. ಮಾಜಿ ಸೈನಿಕರನ್ನು ಕರೆದು, ಊಟ ಹಾಕಿ, ಪುಕ್ಕಟೆ ನಾಟಕ ತೋರಿಸುವ ರೂಢಿಯೂ ಈ ನಾಟಕದ ಜತೆಗೇ ಶುರುವಾಯಿತು. ಈತನ ಬದುಕಿನ ದೊಡ್ಡ ಕೆಲಸ ಇದೇ ಎಂದು ನಾವು ತಿಳಿದಿದ್ದೇವೆ. 1990ರಲ್ಲಿ ಬ್ರಾಡ್‌ವೇಯಲ್ಲಿ ಸ್ಟೈನ್‌ಬೆಕ್‌ನ 'ದ ಗ್ರೇಪ್ಸ್ ಆಫ್ ರಾತ್' ನಾಟಕವಾದಾಗ, ನೆಲ ಕಳಕೊಂಡು ಗುಳೆ ಹೋಗುವ ಟಾಮ್ ಜೋಡ್ ಆಗಿ ನಿಂತವನೂ ಈತನೇ.

ಆಮೇಲೆ ಬಂದದ್ದು 'ಫಾರೆಸ್ಟ್ ಗಂಪ್' (1994). ಎರಡೂ ಕಾಲು ಹೋದ ಲೆಫ್ಟಿನೆಂಟ್ ಡ್ಯಾನ್ ಪಾತ್ರ. ಕಾಲುಗಳನ್ನು ಕಂಪ್ಯೂಟರ್ ಅಳಿಸಿತು. ಅವನ ಸಿಟ್ಟನ್ನು ಕತೆ ಅಳಿಸಿತು. ಕೊನೆಗೆ ಅವನಿಗೆ ಹಣ ಬರುತ್ತದೆ, ಲೋಹದ ಕಾಲು ಬರುತ್ತದೆ. ಕಪ್ಪು ಸೈನಿಕ ಬಬ್ಬ ಮಾತ್ರ ಅಲ್ಲೇ ಸತ್ತ. ಅವನ ತಾಯಿಗೆ ಸಿಕ್ಕಿದ್ದು ಮಗನಲ್ಲ, ಮಗನ ಪಾಲಿನ ದುಡ್ಡು. ಯುದ್ಧದ ಬಹುಕಾಲ ಕಾಲೇಜು ಓದುವವರಿಗೆ ಕಡ್ಡಾಯ ಸೇನೆಯಿಂದ ವಿನಾಯಿತಿ ಇತ್ತು. ಓದಲು ಕಾಸಿಲ್ಲದವರ ಮಕ್ಕಳೇ ಹೆಚ್ಚಾಗಿ ಹೋದದ್ದು. ಅವರನ್ನು ಕಳಿಸಿದವರು ಯಾರು ಅಂತ ಚಿತ್ರ ಕೇಳಲೇ ಇಲ್ಲ.

1997ರಲ್ಲಿ ಸಿನೀಸ್ ಇನ್ನೊಂದು ಗಾಲಿಕುರ್ಚಿ ಹತ್ತಿದ. ಜಾರ್ಜ್ ವಾಲೆಸ್ ಪಾತ್ರಕ್ಕೆ ಎಮ್ಮಿ ಪ್ರಶಸ್ತಿಯೂ ಬಂತು. ಈ ವಾಲೆಸ್ 1963ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ಬಾಗಿಲಲ್ಲಿ ನಿಂತು ಇಬ್ಬರು ಕಪ್ಪು ವಿದ್ಯಾರ್ಥಿಗಳನ್ನು ತಡೆದ ಗವರ್ನರ್. ಬಾಗಿಲಲ್ಲಿ ನಿಂತು ತಡೆಯುವವರು ಎಂಥವರು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1972ರಲ್ಲಿ ಗುಂಡು ತಗುಲಿ ಅವನ ಕಾಲುಗಳ ಸ್ವಾಧೀನ ಹೋಯಿತು. ಸಿನೀಸ್‌ನ ನಟನೆ ಎಷ್ಟು ಗಟ್ಟಿಯೆಂದರೆ ಆ ಮನುಷ್ಯನ ಮೇಲೂ ಕನಿಕರ ಹುಟ್ಟುತ್ತದೆ. ಅಲ್ಲೇ ಎಚ್ಚರ ಬೇಕು ಗೆಳೆಯರೆ. ಅವನ ಮನೆಯ ಕಪ್ಪು ಸೇವಕ ಆರ್ಚಿ ಕಲ್ಪನೆಯ ಪಾತ್ರ. ದಬ್ಬಾಳಿಕೆ ಮಾಡಿದವನಿಗೆ ಇತಿಹಾಸದಲ್ಲಿ ಹೆಸರಿದೆ. ಅದನ್ನು ಉಂಡವನಿಗೆ ಚಿತ್ರಕತೆ ಬರೆಯುವವರು ಹೆಸರು ಹುಟ್ಟಿಸಬೇಕಾಯಿತು!

ಕನಿಕರ ಯಾರ ಮೇಲೆ ಬೇಕಾದರೂ ಹುಟ್ಟೀತು. ಕುರ್ಚಿಯಲ್ಲಿ ಕೂತವನು ಹೊಡೆಸಿಕೊಂಡವನೋ, ಹೊಡೆಸಿದವನೋ ಎಂದು ಅದು ಕೇಳುವುದಿಲ್ಲ. ನ್ಯಾಯ ಕೇಳುತ್ತದೆ. ಅದಕ್ಕೇ ಡ್ಯಾನ್‌ಗಿಂತ 'ಟ್ರೇಸರ್ಸ್' ನಮಗೆ ಹತ್ತಿರ. ಅಲ್ಲಿ ಸಿನೀಸ್ ನೊಂದವರ ಪರವಾಗಿ ತಾನು ಮಾತಾಡಲಿಲ್ಲ, ಅವರ ಮಾತಿಗೇ ರಂಗ ಬಿಟ್ಟುಕೊಟ್ಟ. ಹಳ್ಳಿಹಳ್ಳಿಗಳಲ್ಲಿ ನಾಟಕ ಆಡಿಸುವ ಮೇಷ್ಟ್ರುಗಳು, ವಿದ್ಯಾರ್ಥಿಗಳು ಈತನಿಂದ ಕಲಿಯಬೇಕಾದ್ದು ಇದನ್ನು. ಜೀತದವನ ಪಾತ್ರ ಚೆನ್ನಾಗಿ ಮಾಡಿದೆವು ಅಂದರೆ ಸಾಲದು. ಆ ಮಾತು ಬರೆದವರು ಯಾರು, ಮುಂದಿನ ಸಾಲಿನಲ್ಲಿ ಕೂತು ನೋಡಿದವರು ಯಾರು, ಅದನ್ನೂ ಹೇಳಬೇಕು.