ಊರ್ಧ್ವಲಂಘನವೂ ‘ಪ್ಲೈಯೊಮೆಟ್ರಿಕ್ಸ್’ ಪದ್ಧತಿಯೂ: ಒಂದು ವಿಮರ್ಶೆ

ನಿಂತಲ್ಲಿಂದ ಮೇಲಕ್ಕೆ ನೆಗೆಯುವ ಶಕ್ತಿಯನ್ನು ವೃದ್ಧಿಗೊಳಿಸತಕ್ಕ ಸಾಧನಗಳಲ್ಲಿ ‘ಪ್ಲೈಯೊಮೆಟ್ರಿಕ್ಸ್’ ಎಂಬ ವ್ಯಾಯಾಮಪದ್ಧತಿಯು ಬಹು ಪ್ರಸಿದ್ಧವಾದುದು. ಆದರೆ ಈ ಹೆಸರು ಅದಕ್ಕೆ ಮೊದಲಿನಿಂದ ಇದ್ದುದಲ್ಲ. 1960ರ ದಶಕದಲ್ಲಿ ಸೋವಿಯತ್ ದೇಶದ ಯೂರಿ ವೆರ್ಖೊಷಾನ್‌ಸ್ಕಿಯವರು ರೂಪಿಸಿದ ಕ್ರಮಕ್ಕೆ ‘ಆಘಾತಪದ್ಧತಿ’ ಎಂದು ಹೆಸರಿತ್ತು. 1975ರಲ್ಲಿ ಅಮೆರಿಕದ ಫ್ರೆಡ್ ವಿಲ್ಟ್ ಅವರು ಗ್ರೀಕ್ ಮೂಲದ ಹೊಸ ಹೆಸರನ್ನು ಬಳಕೆಗೆ ತಂದರು. ಹೆಸರು ಬದಲಾದುದರೊಡನೆ ಅರ್ಥವೂ ಸಡಿಲವಾಯಿತೆಂಬುದೇ ಇಲ್ಲಿ ವಿಚಾರಣೀಯವಾದ ಅಂಶ.

ಮೂಲಪದ್ಧತಿಯ ಲಕ್ಷಣವು ಸ್ಪಷ್ಟವಾದುದು. ಎತ್ತರದ ಪೀಠದಿಂದ ಕೆಳಗಿಳಿದು, ಪಾದವು ನೆಲವನ್ನು ಸೋಕಿದೊಡನೆಯೇ ಮೇಲಕ್ಕೆ ಚಿಮ್ಮಬೇಕು. ಇಳಿದ ರಭಸದಿಂದ ಎಳೆಯಲ್ಪಟ್ಟ ಸ್ನಾಯುವು ತಡವಿಲ್ಲದೆ ಸಂಕೋಚಗೊಳ್ಳಬೇಕು. ಪೀಠದ ಎತ್ತರವನ್ನು 0.75 ಮೀಟರು, 1.10 ಮೀಟರು ಎಂದು ನಿಯಮಿಸಿತ್ತು. ಪಳಗಿದ ಕ್ರೀಡಾಪಟುವಿಗೂ ಒಮ್ಮೆಗೆ ಹತ್ತು ನೆಗೆತಗಳ ನಾಲ್ಕು ಆವೃತ್ತಿಗಳೇ ಮಿತಿ. ಈಗಲಾದರೋ ಕುಂಟುವುದು, ಹಗ್ಗದಾಟ, ಪೆಟ್ಟಿಗೆಯ ಮೇಲೆ ಹಾರಿ ನಿಲ್ಲುವುದು ಮೊದಲಾದುವೆಲ್ಲವೂ ಒಂದೇ ಹೆಸರಿನಲ್ಲಿ ಅಡಕವಾಗಿವೆ. ಹಾರಿ ನಿಂತವನ ಸ್ನಾಯುವಿಗೆ ಇಳಿತದ ಆಘಾತವೇ ಇಲ್ಲ. ಹಾಗಿರುವಲ್ಲಿ ಹೆಸರು ಮಾತ್ರ ಉಳಿದು ವಸ್ತುವು ಹೋದಂತಾಯಿತು.

ಪದ್ಧತಿಗೆ ಸಾಮಾನ್ಯವಾಗಿ ಹೇಳುವ ಕಾರಣವೂ ಪರೀಕ್ಷೆಗೆ ಅರ್ಹವಾದುದು. ಸ್ನಾಯುವು ಬಿಲ್ಲಿನಂತೆ ಶಕ್ತಿಯನ್ನು ಕೂಡಿಟ್ಟು ಹಿಂದಿರುಗಿಸುವುದೆಂಬುದೇ ಆ ವಾದ. ಮಾರ್ಟನ್ ಬಾಬರ್ಟ್ ಮತ್ತು ಸಹಚರರು 1996ರಲ್ಲಿ ಬೇರೊಂದು ಕಾರಣವನ್ನು ಮುಂದಿಟ್ಟರು: ಕುಗ್ಗಿ ನೆಗೆಯುವವನ ಸ್ನಾಯುಗಳಿಗೆ ಸಂಕೋಚಕ್ಕೆ ಮೊದಲೇ ಬಲಗೂಡಿಸಿಕೊಳ್ಳಲು ಕಾಲಾವಕಾಶ ದೊರೆಯುತ್ತದೆ, ನೆಗೆತದ ಹೆಚ್ಚಳಕ್ಕೆ ಅದೇ ಮುಖ್ಯ ಹೇತು. ಆದುದರಿಂದ ಬಿಲ್ಲಿನ ಉಪಮೆಯೊಂದನ್ನೇ ಎಲ್ಲ ನೆಗೆತಗಳಿಗೂ ಅನ್ವಯಿಸುವುದು ಯುಕ್ತವಲ್ಲ.

ಇಷ್ಟರಿಂದ ಪದ್ಧತಿಯು ನಿಷ್ಫಲವೆಂದು ಭಾವಿಸಲಾಗದು. ಗೋರಾನ್ ಮಾರ್ಕೊವಿಚ್ ಅವರು 2007ರಲ್ಲಿ 26 ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದಾಗ, ಕುಗ್ಗಿ ನೆಗೆಯುವುದರಲ್ಲಿ ನೂರಕ್ಕೆ 8.7ರಷ್ಟೂ, ಪೀಠದಿಂದ ಇಳಿದು ನೆಗೆಯುವುದರಲ್ಲಿ 4.7ರಷ್ಟೂ ಅಭಿವೃದ್ಧಿ ಕಂಡುಬಂದಿತು. 40 ಸೆಂಟಿಮೀಟರು ನೆಗೆಯುವವನಿಗೆ ಇದು ಸುಮಾರು ಎರಡರಿಂದ ಮೂರೂವರೆ ಸೆಂಟಿಮೀಟರು. ಫಲವು ನಿಜ, ಆದರೆ ಪರಿಮಿತ.

ಔಷಧದ ಹೆಸರನ್ನು ಹೇಳಿ ಪ್ರಮಾಣವನ್ನು ಹೇಳದ ವೈದ್ಯನಂತೆ, ಪೀಠದ ಎತ್ತರ, ನೆಲವನ್ನು ಸೋಕುವ ಕಾಲ, ನೆಗೆತಗಳ ಸಂಖ್ಯೆ ಇವನ್ನು ಹೇಳದೆ ಪದ್ಧತಿಯನ್ನು ಹೊಗಳುವುದಾಗಲಿ ತೆಗಳುವುದಾಗಲಿ ಶಾಸ್ತ್ರವೆನಿಸದು. ಎಳೆಯರ ಮೊಣಕಾಲುಗಳ ಕ್ಷೇಮವು ಈ ವಿವೇಚನೆಯನ್ನು ಅವಲಂಬಿಸಿದೆ.