ತೋಳದ ಸಂಸಾರವೂ ಎರಡು ಗ್ರಂಥಗಳೂ

ನಮ್ಮ ಮಕ್ಕಳಿಗೆ ತೋಳದ ಪರಿಚಯವಾಗುವುದು ಕುರಿ ಕಾಯುವ ಹುಡುಗನ ಕಥೆಯಿಂದ. ದೊಡ್ಡವರಾದ ಮೇಲೆ ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎಂಬ ಗಾದೆಯು ಆ ಪರಿಚಯವನ್ನು ಮುಗಿಸಿಬಿಡುತ್ತದೆ. ಆ ಪ್ರಾಣಿಯು ಹೇಗೆ ಬಾಳುತ್ತದೆಂದು ಕೇಳುವವರು ವಿರಳ. ಇದನ್ನು ಜನಸಾಮಾನ್ಯರಿಗೆ ತಿಳಿಸಹೊರಟ ಎರಡು ಇಂಗ್ಲಿಷ್ ಗ್ರಂಥಗಳ ಗುಣದೋಷಗಳನ್ನು ಇಲ್ಲಿ ವಿವೇಚಿಸಿದೆ.

ಮೊದಲನೆಯದು ಕೆನಡಾದ ಫಾರ್ಲಿ ಮೋವಟರ ‘ನೆವರ್ ಕ್ರೈ ವುಲ್ಫ್’ (1963). ಹಿಮದ ನಾಡಿನ ಒಂದು ತೋಳದ ಜೋಡಿ, ಅದರ ಮರಿಗಳು, ಮರಿಗಳ ಕಾಟವನ್ನು ಸಹಿಸುವ ಒಬ್ಬ ‘ಚಿಕ್ಕಪ್ಪ’ – ಓದುತ್ತಿದ್ದರೆ ನೆರೆಮನೆಯ ಸಂಸಾರವನ್ನೇ ನೋಡಿದಂತಾಗುತ್ತದೆ. ಹಾಸ್ಯವು ಸಹಜವಾಗಿದೆ. ಅಸಂಖ್ಯಾತ ಓದುಗರಲ್ಲಿ ತೋಳದ ಬಗೆಗೆ ಕನಿಕರ ಹುಟ್ಟಿದುದು ಈ ಪುಸ್ತಕದಿಂದಲೇ. ಆದರೆ ಗ್ರಂಥಕರ್ತರು ಕಲ್ಪನೆಯನ್ನು ಕಂಡ ಸಂಗತಿಯೆಂಬಂತೆ ನಿರೂಪಿಸಿದರು. 1964ರಲ್ಲಿಯೇ ಪ್ರಾಣಿಶಾಸ್ತ್ರಜ್ಞ ಬ್ಯಾನ್‌ಫೀಲ್ಡರು ಇದನ್ನು ಕಟ್ಟುಕಥೆಗಳ ಸಾಲಿಗೆ ಸೇರಿಸಿದರು. ಕಾದಂಬರಿಯೆಂದು ಹೆಸರಿಟ್ಟಿದ್ದರೆ ಯಾರ ಆಕ್ಷೇಪವೂ ಇರುತ್ತಿರಲಿಲ್ಲ. ಒಳ್ಳೆಯ ಉದ್ದೇಶಕ್ಕಾಗಿ ಹೇಳಿದ ಅಸತ್ಯವು ಬಯಲಾದಾಗ ಆ ಉದ್ದೇಶಕ್ಕೇ ಕಳಂಕ ತಗಲುವುದಿಲ್ಲವೆ?

ಎರಡನೆಯದು ಡೇವಿಡ್ ಮೆಕ್ ಎಂಬ ಅಮೆರಿಕದ ವಿಜ್ಞಾನಿಯ ‘ದಿ ವುಲ್ಫ್’ (1970). ಶೈಲಿ ಶುಷ್ಕ, ಪರಿಶ್ರಮ ಅಪಾರ. ಇದರ ತಪ್ಪು ಬೇರೊಂದು ಬಗೆಯದು. 1947ರಲ್ಲಿ ಶೆಂಕೆಲ್ ಎಂಬವರು ಬಾಸೆಲ್ ನಗರದ ಮೃಗಾಲಯದಲ್ಲಿ ಸೆರೆಯಲ್ಲಿದ್ದ ತೋಳಗಳ ಕಾದಾಟವನ್ನು ವರ್ಣಿಸಿದ್ದರು. ಅದರಿಂದ ಬೆಳೆದ ‘ಆಲ್ಫ’ ಎಂಬ ಕಲ್ಪನೆಯನ್ನು, ಅಂದರೆ ಹೋರಾಡಿ ಗೆದ್ದ ನಾಯಕನೆಂಬ ಮಾತನ್ನು, ಈ ಗ್ರಂಥವು ಲೋಕಕ್ಕೆಲ್ಲ ಹರಡಿತು. ಬಂದೀಖಾನೆಯನ್ನು ನೋಡಿ ಗೃಹಸ್ಥಾಶ್ರಮವನ್ನು ವರ್ಣಿಸಿದಂತಾಯಿತು! ಮುಂದೆ ಮೆಕ್ ಅವರೇ 1986ರಿಂದ ಎಲ್ಸ್‌ಮಿಯರ್ ದ್ವೀಪದಲ್ಲಿ ಬೇಸಗೆ ಬೇಸಗೆಯೂ ತೋಳಗಳ ಸಮೀಪದಲ್ಲಿದ್ದು ನೋಡಿದರು. ಹಿಂಡೆಂಬುದು ಸಾಮಾನ್ಯವಾಗಿ ತಂದೆ, ತಾಯಿ, ಅವರ ಮಕ್ಕಳು, ಇಷ್ಟೇ. ಪ್ರಾಯಕ್ಕೆ ಬಂದ ಮಕ್ಕಳು ಸಂಗಾತಿಯನ್ನರಸಿ ಹೊರಟು ಬೇರೆ ಸಂಸಾರ ಹೂಡುತ್ತವೆ. ನಾಯಕತ್ವವೆಂಬುದು ಹೆತ್ತವರ ಹಿರಿತನ. 1999ರಲ್ಲಿ ಅವರು ಹಳೆಯ ಮಾತನ್ನು ಲೇಖನದಲ್ಲಿ ತಿದ್ದಿದರು. ತಮ್ಮ ಪುಸ್ತಕವನ್ನು ಇನ್ನು ಅಚ್ಚು ಹಾಕಬೇಡಿರೆಂದು ಪ್ರಕಾಶಕರನ್ನು ಬೇಡಿಕೊಂಡರು. ಅದು ನಿಂತದ್ದು 2022ರಲ್ಲಿ.

ತನ್ನ ಪ್ರಸಿದ್ಧ ಕೃತಿಗೆ ತಾನೇ ವಿರೋಧಿಯಾಗಿ ನಿಂತ ಲೇಖಕನು ಗೌರವಾರ್ಹನೆಂಬುದರಲ್ಲಿ ಸಂಶಯವಿಲ್ಲ. ಆದರೂ ತಪ್ಪು ಜನಪ್ರಿಯ ಗ್ರಂಥದಲ್ಲಿ, ತಿದ್ದುಪಡಿ ಪಂಡಿತರ ಪತ್ರಿಕೆಯಲ್ಲಿ – ಇದು ನ್ಯಾಯವಾದ ಹಂಚಿಕೆಯಲ್ಲ. ಮೋವಟರ ಲೇಖನಿ ಮೆಕ್ ಅವರ ಕೈಯಲ್ಲಿದ್ದಿದ್ದರೆ ‘ಆಲ್ಫ’ನು ಎಂದೋ ಮರೆಯಾಗುತ್ತಿದ್ದನೇನೋ.

ಎರಡು ಗ್ರಂಥಗಳೂ ನಮ್ಮ ತೋಳಕ್ಕೆ ಸಾಲವು. ದಖ್ಖಣದ ತೋಳವು ದಟ್ಟಡವಿಯ ಜೀವಿಯಲ್ಲ; ಹುಲ್ಲುಗಾವಲು, ಕುರುಚಲು ಬಯಲು ಅದರ ನೆಲೆ. ಆ ನೆಲವನ್ನೇ ನಾವು ಪಾಳು ಎಂದು ಕರೆದು ಉಳುತ್ತೇವೆ, ಇಲ್ಲವೆ ಗಿಡ ನೆಡುತ್ತೇವೆ. 1972ರ ಕಾನೂನು ತೋಳಕ್ಕೆ ರಕ್ಷಣೆಯಿತ್ತಿದೆ. 1974ರಲ್ಲಿ ಮೇಲುಕೋಟೆಯಲ್ಲಿ ಅದಕ್ಕಾಗಿ ಅಭಯಾರಣ್ಯವೂ ಆಯಿತು. ಆದರೆ ಅದು ಕಾಗದ ಓದುವ ಪ್ರಾಣಿಯಲ್ಲ. ಎಲ್ಲೆ ದಾಟಿ ಕುರಿಹಟ್ಟಿಯ ಕಡೆಗೆ ಬರುತ್ತದೆ. ಮರಿಯನ್ನು ಕಳೆದುಕೊಂಡ ಕುರುಬನಿಗೆ ಹೇಳುವ ಒಂದು ಮಾತೂ ಈ ಎರಡು ಪುಸ್ತಕಗಳಲ್ಲಿಲ್ಲ. ಅವನನ್ನೇ ಮೊದಲ ಓದುಗನೆಂದು ಬಗೆದು ಬರೆದ ಕನ್ನಡ ಗ್ರಂಥವೊಂದು ವಿಮರ್ಶೆಗೆ ಬಂದರೆ, ಈ ಲೇಖಕನು ಇದಕ್ಕಿಂತ ಸಂತೋಷದಿಂದ ಲೇಖನಿ ಹಿಡಿಯುವನು.